ಆಯ್ಕೆ ಸಮಿತಿಯ ಮುಂದೆ ಚಿತ್ರ ಇಡುವ ಮುನ್ನ

ತೀರ್ಪುಗಾರರು ಆರಿಸುವ ಪ್ರದರ್ಶನಕ್ಕೆ ಚಿತ್ರ ಕಳುಹಿಸುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಶ್ರಮವನ್ನೆಲ್ಲ ಕ್ಯಾನ್ವಾಸಿಗೇ ಸುರಿದು, ಉಳಿದದ್ದನ್ನು ಕೊನೆಯ ರಾತ್ರಿಗೆ ಬಿಡುತ್ತಾರೆ. ಆಗ ಫೋಟೊ ವಾರೆಯಾಗುತ್ತದೆ, ಅಳತೆ ತಪ್ಪುತ್ತದೆ, ಬಣ್ಣ ಹಸಿಯಾಗಿಯೇ ಉಳಿಯುತ್ತದೆ. ಚೆನ್ನಾಗಿ ಬಂದ ಚಿತ್ರವೊಂದು ಇಂಥ ಕಾರಣಕ್ಕೆ ಹೊರಗುಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಚಿತ್ರಕ್ಕೂ ಅದನ್ನು ನೋಡುವ ಕಣ್ಣಿಗೂ ನಡುವೆ ಏನೂ ಅಡ್ಡ ಬರದಂತೆ ನೋಡಿಕೊಳ್ಳುವುದೇ ಸಿದ್ಧತೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

1. ನಿಯಮಗಳನ್ನು ಪೂರ್ತಿ ಓದಿ

ಪ್ರಕಟಣೆಯಲ್ಲಿ ಕೊನೆಯ ದಿನಾಂಕವನ್ನೂ ಶುಲ್ಕವನ್ನೂ ಮಾತ್ರ ನೋಡಿ ಮುಂದೆ ಹೋಗಬೇಡಿ. ಗರಿಷ್ಠ ಅಳತೆ ಎಷ್ಟು, ಆ ಅಳತೆ ಚಿತ್ರದ್ದೋ ಚೌಕಟ್ಟು ಸೇರಿದ್ದೋ, ಎಷ್ಟು ವರ್ಷದೊಳಗೆ ಬರೆದದ್ದಾಗಿರಬೇಕು, ಹಿಂದೆ ಬೇರೆಡೆ ಪ್ರದರ್ಶಿಸಿದ್ದರೆ ನಡೆಯುತ್ತದೆಯೇ, ಮಾರಾಟವಾದರೆ ಗ್ಯಾಲರಿಯ ಪಾಲೆಷ್ಟು, ಸಾಗಾಣಿಕೆಯ ಖರ್ಚು ಯಾರದು, ವಿಮೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೆಲಸದ ಜಾಗದಲ್ಲಿ ಅಂಟಿಸಿಕೊಳ್ಳಿ. ಆಯ್ಕೆಯಾದ ಚಿತ್ರವನ್ನು ಪ್ರದರ್ಶನ ಮುಗಿಯುವ ಮೊದಲು ವಾಪಸು ಪಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಒಂದೇ ಚಿತ್ರವನ್ನು ಒಂದೇ ಅವಧಿಯ ಎರಡು ಪ್ರದರ್ಶನಗಳಿಗೆ ಕಳುಹಿಸಬಾರದು.

ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ನಿಯಮವೊಂದಿದೆ. ತರಗತಿಯಲ್ಲಿ ಅಥವಾ ಕಾರ್ಯಾಗಾರದಲ್ಲಿ ಶಿಕ್ಷಕರ ಮಾರ್ಗದರ್ಶನದಡಿ ಬರೆದ ಚಿತ್ರವನ್ನು ಅನೇಕ ಪ್ರದರ್ಶನಗಳು ಸ್ವೀಕರಿಸುವುದಿಲ್ಲ. ಇನ್ನೊಬ್ಬರು ತೆಗೆದ ಫೋಟೊ ನೋಡಿ ಬರೆದದ್ದು, ಬೇರೆ ಕಲಾವಿದರ ಕೃತಿಯ ನಕಲು, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಬಿಂಬವನ್ನು ಆಧರಿಸಿದ್ದು, ಇವಕ್ಕೂ ಹಲವು ಕಡೆ ತಡೆಯಿದೆ. ಸಂಯೋಜನೆಯನ್ನು ಯಾರು ನಿರ್ಧರಿಸಿದರು ಎಂಬುದೇ ಇಲ್ಲಿರುವ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆಯೇ. ಶಿಕ್ಷಕರು ವಸ್ತುಗಳನ್ನು ಜೋಡಿಸಿಟ್ಟು, ಬೆಳಕು ಬಿಟ್ಟು, ನಡುವೆ ಕುಂಚ ತೆಗೆದುಕೊಂಡು ಒಂದು ಮೂಲೆಯನ್ನು ತಿದ್ದಿದ್ದರೆ ಆ ಚಿತ್ರ ಪೂರ್ತಿ ನಿಮ್ಮದಲ್ಲ. ಅಲ್ಲಿ ಕಲಿತದ್ದನ್ನು ಇಟ್ಟುಕೊಂಡು ನಿಮ್ಮದೇ ವಸ್ತು, ನಿಮ್ಮದೇ ಬೆಳಕು, ನಿಮ್ಮದೇ ಕರಡಿನಿಂದ ಹೊಸದಾಗಿ ಬರೆಯಿರಿ. ಆಧಾರಕ್ಕೆ ಫೋಟೊ ಬೇಕಿದ್ದರೆ ನೀವೇ ತೆಗೆಯಿರಿ, ಮೂಲ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಕೇಳಿದರೆ ಕರಡು ಚಿತ್ರಗಳೂ ಆ ಫೈಲೂ ನಿಮ್ಮ ಪರವಾಗಿ ಮಾತನಾಡುತ್ತವೆ.

2. ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ

ಬಹುತೇಕ ಪ್ರದರ್ಶನಗಳಿಗೆ ಎರಡು ಗಡುವುಗಳಿರುತ್ತವೆ: ಒಂದು ಚಿತ್ರದ ಫೋಟೊ ಕಳುಹಿಸಲು, ಇನ್ನೊಂದು ಆಯ್ಕೆಯಾದ ಮೇಲೆ ಚಿತ್ರವನ್ನೇ ತಲುಪಿಸಲು. ಲಂಡನ್ನಿನ ರಾಯಲ್ ಅಕಾಡೆಮಿ 1769ರಿಂದ ಪ್ರತಿವರ್ಷ ನಡೆಸುತ್ತ ಬಂದಿರುವ ಬೇಸಿಗೆ ಪ್ರದರ್ಶನದಲ್ಲೂ ಈಗ ಮೊದಲ ಸುತ್ತು ಡಿಜಿಟಲ್ ಬಿಂಬಗಳದ್ದೇ. ಅದನ್ನು ದಾಟಿದವರ ಕೃತಿಗಳನ್ನು ಮಾತ್ರ ತರಿಸಿಕೊಂಡು ಎದುರಿಗಿಟ್ಟು ನೋಡುತ್ತಾರೆ. ಆದ್ದರಿಂದ ಚಿತ್ರ ಮುಗಿಯಬೇಕಾದದ್ದು ಫೋಟೊದ ಗಡುವಿಗಿಂತ ಸಾಕಷ್ಟು ಮೊದಲು.

ತೈಲವರ್ಣದವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಎಣ್ಣೆ ಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾದ ಪದರ ಮುಟ್ಟಿದರೆ ಅಂಟದಂತಾಗಲು ಕೆಲವು ದಿನಗಳಿಂದ ಎರಡು ವಾರ ಬೇಕು, ದಪ್ಪಗೆ ಮೆತ್ತಿದ ಬಣ್ಣಕ್ಕೆ ತಿಂಗಳುಗಳೇ ಬೇಕು. ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸವಿದೆ. ಅಂಬರ್ ಎಂಬ ಕಂದು ಮಣ್ಣುಬಣ್ಣ ಬೇಗ ಒಣಗುತ್ತದೆ. ಕ್ಯಾಡ್ಮಿಯಂ ಕೆಂಪು, ಅಲಿಜರಿನ್, ಐವರಿ ಕಪ್ಪು ನಿಧಾನ. ಸಮಯ ಕಡಿಮೆಯಿದ್ದರೆ ಬಣ್ಣವನ್ನು ಬೇಗ ಒಣಗಿಸುವ ಆಲ್ಕಿಡ್ ಎಂಬ ರಾಳದ ಮಾಧ್ಯಮ ಬೆರೆಸಿ. ತೆಳುವಾದ ಪದರ ಸುಮಾರು ಒಂದು ದಿನದಲ್ಲಿ ಒಣಗುತ್ತದೆ. ಅವಸರದಲ್ಲಿ ಚಿತ್ರವನ್ನು ಬೀರುವಿನೊಳಗೆ ಮುಚ್ಚಿಡಬೇಡಿ, ಕತ್ತಲೆಯಲ್ಲಿ ಎಣ್ಣೆ ಹಳದಿ ತಿರುಗುತ್ತದೆ. ಗಾಳಿ ಬೆಳಕು ಆಡುವ, ನೇರ ಬಿಸಿಲು ಬೀಳದ ಜಾಗ ಒಳ್ಳೆಯದು.

3. ಯಾವ ಚಿತ್ರ ಕಳುಹಿಸಬೇಕು

ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ ಇದು. ಹೆಚ್ಚು ದಿನ ಕಾಡಿದ ಚಿತ್ರದ ಮೇಲೆ ನಮಗೆ ಹೆಚ್ಚು ಪ್ರೀತಿ. ತೀರ್ಪುಗಾರರಿಗೆ ಆ ದಿನಗಳು ಕಾಣುವುದಿಲ್ಲ, ಕಾಣುವುದು ಚಿತ್ರ ಮಾತ್ರ. ಆದ್ದರಿಂದ ಚಿತ್ರಗಳನ್ನು ಗೋಡೆಗೆ ಮುಖ ಮಾಡಿ ಕೆಲವು ವಾರ ಇಟ್ಟು, ಮರೆತಂತಾದ ಮೇಲೆ ಒಂದೊಂದನ್ನೇ ತಿರುಗಿಸಿ ನೋಡಿ. ಮೊದಲ ನೋಟಕ್ಕೇ ಎಲ್ಲಿ ತೊಡಕು ಕಂಡಿತೋ ಅದನ್ನು ನಂಬಿ.

ಆಮೇಲೆ ಪ್ರತಿಯೊಂದರ ಫೋಟೊವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿಸಿ ಪರದೆಯ ಮೇಲೆ ನೋಡಿ. ಒಮ್ಮೆ ಬಣ್ಣದಲ್ಲಿ, ಒಮ್ಮೆ ಕಪ್ಪುಬಿಳುಪಿನಲ್ಲಿ. ಮೊದಲ ಸುತ್ತಿನಲ್ಲಿ ತೀರ್ಪುಗಾರರ ಮುಂದೆ ನೂರಾರು ಬಿಂಬಗಳು ಸಾಲಾಗಿ ಹಾದುಹೋಗುತ್ತವೆ, ಒಂದೊಂದಕ್ಕೂ ಸಿಗುವ ಹೊತ್ತು ತೀರಾ ಕಡಿಮೆ. ಚಿಕ್ಕದಾದಾಗಲೂ ಕತ್ತಲೆ ಬೆಳಕಿನ ಹಂಚಿಕೆ ಗಟ್ಟಿಯಾಗಿ ನಿಂತರೆ ಆ ಚಿತ್ರಕ್ಕೆ ಮೂಳೆಯಿದೆ ಎಂದರ್ಥ. ಕಪ್ಪುಬಿಳುಪಿನಲ್ಲಿ ಎಲ್ಲವೂ ಒಂದೇ ಬೂದುಬಣ್ಣಕ್ಕೆ ಇಳಿದರೆ ಇನ್ನೊಮ್ಮೆ ಯೋಚಿಸಿ. ಆದರೆ ಈ ಪರೀಕ್ಷೆಯನ್ನೇ ಅಂತಿಮ ತೀರ್ಪು ಮಾಡಿಕೊಳ್ಳಬೇಡಿ. ಮೆಲುದನಿಯ ಚಿತ್ರಗಳೂ ಇರುತ್ತವೆ, ಹತ್ತಿರ ಹೋದರೆ ಮಾತ್ರ ತೆರೆದುಕೊಳ್ಳುವಂಥವು. ಅವನ್ನು ಚಿತ್ರವನ್ನೇ ಎದುರಿಗಿಟ್ಟು ನೋಡುವ ಪ್ರದರ್ಶನಗಳಿಗೆ ಕಾಯ್ದಿರಿಸಿ.

ಅಕ್ಕಪಕ್ಕದ ಚಿತ್ರಗಳೂ ನಿಮ್ಮ ಚಿತ್ರವನ್ನು ಬದಲಿಸುತ್ತವೆ. 1832ರಲ್ಲಿ ಅದೇ ರಾಯಲ್ ಅಕಾಡೆಮಿಯಲ್ಲಿ ಟರ್ನರ್‌ನ ಬೂದುಬಣ್ಣದ ಸಮುದ್ರದ ಚಿತ್ರದ ಪಕ್ಕ ಕಾನ್‌ಸ್ಟೆಬಲ್‌ನ ಕೆಂಪು, ಹೊನ್ನು ಬಣ್ಣಗಳಿಂದ ತುಂಬಿದ ವಾಟರ್ಲೂ ಸೇತುವೆಯ ಚಿತ್ರ ನೇತುಬಿದ್ದಿತ್ತು. ಟರ್ನರ್ ಬಂದು ನೋಡಿ, ತನ್ನ ಸಮುದ್ರದ ಮೇಲೆ ಒಂದೇ ಒಂದು ಕೆಂಪು ಚುಕ್ಕೆ ಇಟ್ಟು, ಆಮೇಲೆ ಅದನ್ನು ತೇಲುಬುರುಡೆಯಾಗಿ ತಿದ್ದಿದ. ಆ ಚುಕ್ಕೆಯಿಂದ ಇಡೀ ಗೋಡೆಯ ನೋಟ ಬದಲಾಯಿತು. ಇಂದು ನಿಮಗೆ ಗೋಡೆಯೇರಿದ ಮೇಲೆ ತಿದ್ದುವ ಅವಕಾಶ ಸಿಗುವುದಿಲ್ಲ. ಹಾಗಾಗಿ ಗೆಳೆಯರ ಚಿತ್ರಗಳ ನಡುವೆ ನಿಮ್ಮದನ್ನು ಇಟ್ಟು ಮೊದಲೇ ನೋಡಿಕೊಳ್ಳಿ. ಆಗ ಅವರನ್ನು "ಚೆನ್ನಾಗಿದೆಯೇ?" ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. "ಮೊದಲು ಕಣ್ಣು ಎಲ್ಲಿಗೆ ಹೋಯಿತು? ಆಮೇಲೆ ಎಲ್ಲಿಗೆ?" ಎಂದು ಕೇಳಿ.

ಮೂರು ನಾಲ್ಕು ಚಿತ್ರಗಳಿಗೆ ಅವಕಾಶವಿದ್ದರೆ ಅವು ಒಂದೇ ಕೈಯಿಂದ ಬಂದಂತೆ ಕಾಣಬೇಕು. ಒಂದು ಭಾವಚಿತ್ರ, ಒಂದು ಭೂದೃಶ್ಯ, ಒಂದು ಅಮೂರ್ತ ಎಂದು ಎಲ್ಲ ವಿದ್ಯೆಯನ್ನೂ ತೋರಿಸಲು ಹೊರಟರೆ ನಿಮ್ಮ ಸ್ವಂತ ದನಿ ಯಾವುದೆಂದು ತಿಳಿಯುವುದಿಲ್ಲ. ನಾಲ್ಕನೆಯದು ದುರ್ಬಲವಾಗಿದ್ದರೆ ಮೂರನ್ನೇ ಕಳುಹಿಸಿ.

4. ಮೇಲ್ಮೈಯನ್ನು ಮುಗಿಸಿ

ಕಿಟಕಿಯ ಪಕ್ಕ ಚಿತ್ರವನ್ನು ಓರೆಯಾಗಿ ಹಿಡಿದು ನೋಡಿ. ಅಂಟಿಕೊಂಡ ಕುಂಚದ ಕೂದಲು, ಧೂಳು, ಮಂಕಾದ ತೇಪೆಗಳು ಆಗ ಕಾಣುತ್ತವೆ. ತೈಲಚಿತ್ರದಲ್ಲಿ ಕೆಳಗಿನ ಪದರ ಎಣ್ಣೆ ಹೀರಿಕೊಂಡು ಕೆಲವು ಭಾಗ, ವಿಶೇಷವಾಗಿ ಗಾಢ ಬಣ್ಣಗಳು, ಮಂಕಾಗುತ್ತವೆ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಆ ಜಾಗಕ್ಕೆ ಬಣ್ಣದಲ್ಲಿ ಬೆರೆಸುವ ಎಣ್ಣೆ ಮಾಧ್ಯಮವನ್ನು ತೀರಾ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಡಾಮರ್ ಎಂಬ ಮರದ ರಾಳದಿಂದ ಮಾಡಿದ ಸಾಂಪ್ರದಾಯಿಕ ವಾರ್ನಿಷ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಈಗಿನ ಕೆಲವು ಕೃತಕ ರಾಳದ ವಾರ್ನಿಷ್‌ಗಳನ್ನು ಬಣ್ಣ ಗಟ್ಟಿಯಾಗಿ ಒಣಗಿದ ಕೂಡಲೇ ಹಚ್ಚಬಹುದು; ಡಬ್ಬಿಯ ಮೇಲಿನ ಸೂಚನೆ ಓದಿ. ಬೇಕಾದಷ್ಟು ಸಮಯವಿಲ್ಲದಿದ್ದರೆ ವಾರ್ನಿಷ್ ಇಲ್ಲದೆಯೇ ಕಳುಹಿಸುವುದು ಒಳ್ಳೆಯದು.

ಚೌಕಟ್ಟಿಲ್ಲದೆ ತೂಗುಹಾಕುವ ಕ್ಯಾನ್ವಾಸ್ ಆದರೆ ಅಂಚುಗಳು ಸ್ವಚ್ಛವಾಗಿರಲಿ, ಮೊಳೆ ಅಥವಾ ಸ್ಟೇಪಲ್ ಪಿನ್ನುಗಳು ಹಿಂಬದಿಯಲ್ಲಿರಲಿ. ಸಹಿ ಚಿಕ್ಕದಾಗಿ, ಸುತ್ತಲಿನ ಬಣ್ಣಕ್ಕೆ ಹೊಂದುವಂತಿರಲಿ. ಆಯ್ಕೆಯ ಹೊತ್ತಿಗೆ ಹೆಸರು ಕಾಣಬಾರದೆಂಬ ನಿಯಮವಿರುವ ಕಡೆಗೆ ಕಳುಹಿಸುವಾಗ ಹಿಂಬದಿಯಲ್ಲಿ ಸಹಿ ಮಾಡಿ.

5. ಫೋಟೊ: ಅರ್ಧ ತೀರ್ಪು ಇಲ್ಲೇ

ಮೊದಲ ಸುತ್ತಿನಲ್ಲಿ ನಿಮ್ಮ ಚಿತ್ರವನ್ನು ಯಾರೂ ನೋಡುವುದಿಲ್ಲ, ಅದರ ಫೋಟೊ ನೋಡುತ್ತಾರೆ. ಇದಕ್ಕೆ ಒಂದು ಇಡೀ ದಿನ ಮೀಸಲಿಡಿ. ಗಾಜಿನ ಚೌಕಟ್ಟು ಹಾಕುವ ಚಿತ್ರವಾದರೆ ಅದಕ್ಕಿಂತ ಮೊದಲೇ ಫೋಟೊ ತೆಗೆಯಿರಿ.

ಚಿತ್ರವನ್ನು ಗೋಡೆಗೆ ಸಮತಟ್ಟಾಗಿ ತೂಗುಹಾಕಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಚಿತ್ರದ ನಟ್ಟನಡುವಿನ ಎತ್ತರಕ್ಕೆ ನಿಲ್ಲಿಸಿ. ಎರಡೂ ಸಮಾನಾಂತರವಾಗಿವೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಚಿತ್ರದ ಜಾಗದಲ್ಲಿ, ಅದರ ಕೇಂದ್ರ ಬರುವಲ್ಲಿ, ಗೋಡೆಗೆ ಒತ್ತಿ ಒಂದು ಪುಟ್ಟ ಕನ್ನಡಿ ಇಡಿ. ಕ್ಯಾಮೆರಾದೊಳಗಿಂದ ನೋಡಿದಾಗ ಕನ್ನಡಿಯ ನಡುವೆ ಲೆನ್ಸಿನದೇ ಪ್ರತಿಬಿಂಬ ಕಂಡರೆ ಸರಿ. ಲೆನ್ಸು ಪಕ್ಕಕ್ಕೆ ಸರಿದಂತೆ ಕಂಡರೆ ಕ್ಯಾಮೆರಾ ವಾರೆಯಾಗಿದೆ, ಚಿತ್ರದ ಚೌಕ ಒಂದು ಬದಿಗೆ ಕಿರಿದಾಗುತ್ತದೆ. ತೀರಾ ಹತ್ತಿರದಿಂದ ಅಗಲ ಕೋನದ ಲೆನ್ಸಿನಲ್ಲಿ ತೆಗೆದರೆ ನೇರ ಅಂಚುಗಳು ಹೊರಕ್ಕೆ ಉಬ್ಬುತ್ತವೆ. 50 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸು ಹಾಕಿ ಹಿಂದಕ್ಕೆ ಸರಿಯಿರಿ. ಮೊಬೈಲಿನಲ್ಲೇ ತೆಗೆಯುವುದಾದರೆ ದೂರದ ದೃಶ್ಯಕ್ಕಿರುವ ಎರಡನೆಯ ಲೆನ್ಸನ್ನು ಬಳಸಿ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ದ್ಯುತಿರಂಧ್ರ ಎಫ್ 8ರ ಆಸುಪಾಸು, ಎರಡು ಸೆಕೆಂಡಿನ ಟೈಮರ್ ಇಟ್ಟರೆ ಬಿಂಬ ಸ್ಪಷ್ಟವಾಗಿ ಮೂಡುತ್ತದೆ.

ಒಂದೇ ಬಗೆಯ ಎರಡು ದೀಪಗಳು ಬೇಕು. ಚಿತ್ರದ ಎರಡೂ ಬದಿಗೆ, 45 ಡಿಗ್ರಿ ಕೋನದಲ್ಲಿ, ಸಮಾನ ದೂರದಲ್ಲಿ ನಿಲ್ಲಿಸಿ. ಈಗ ಚಿತ್ರದ ನಡುಭಾಗಕ್ಕೆ ತಾಗದಂತೆ ಒಂದು ಪೆನ್ಸಿಲನ್ನು ನೇರವಾಗಿ, ಕ್ಯಾಮೆರಾದತ್ತ ಮುಖ ಮಾಡಿ ಹಿಡಿಯಿರಿ. ಎರಡೂ ಬದಿಗೆ ಬೀಳುವ ನೆರಳುಗಳು ಒಂದೇ ಉದ್ದ, ಒಂದೇ ಗಾಢತೆಯಲ್ಲಿದ್ದರೆ ಬೆಳಕು ಸಮವಾಗಿದೆ. ಕಿಟಕಿಯ ಬೆಳಕನ್ನು ದೀಪದ ಜೊತೆ ಬೆರೆಸಬೇಡಿ. ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿಯಾಗುತ್ತದೆ, ಅದನ್ನು ಆಮೇಲೆ ತಿದ್ದುವುದು ಬಲು ಕಷ್ಟ. ದೀಪಗಳಿಲ್ಲದಿದ್ದರೆ ಮೋಡ ಕವಿದ ದಿನ ಹೊರಗೆ ತೆಗೆಯುವುದೇ ಉತ್ತಮ. ಗಾಢ ಬಣ್ಣಗಳ ಮೇಲೆ ಹೊಳಪಿನ ಚುಕ್ಕೆಗಳು ಕಂಡರೆ ದೀಪಗಳನ್ನು ಇನ್ನಷ್ಟು ಓರೆಗೆ ಸರಿಸಿ, ಆಗಲೂ ಹೋಗದಿದ್ದರೆ ದೀಪಕ್ಕೂ ಲೆನ್ಸಿಗೂ ಹೊಳಪು ತಡೆಯುವ ಪೋಲರೈಸರ್ ಹಾಳೆ ಹಾಕಿ. ಮೊದಲ ಫೋಟೊದಲ್ಲಿ ಬೂದುಬಣ್ಣದ ಕಾರ್ಡನ್ನು ಇಟ್ಟು ತೆಗೆದುಕೊಂಡರೆ ಬಿಳಿ ಸಮತೋಲನ, ಅಂದರೆ ಬೆಳಕಿನಿಂದ ಬಂದ ಬಣ್ಣದ ಛಾಯೆ, ಸರಿಪಡಿಸುವುದು ಸುಲಭ.

ಕಂಪ್ಯೂಟರಿನಲ್ಲಿ ತಿದ್ದುವಾಗ ಚಿತ್ರವನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಫೋಟೊ ಚಿತ್ರದಂತೆ ಕಾಣುವವರೆಗೆ ತಿದ್ದುವುದು ಸರಿ, ಚಿತ್ರಕ್ಕಿಂತ ಚೆನ್ನಾಗಿ ಕಾಣುವಂತೆ ತಿದ್ದುವುದು ಸರಿಯಲ್ಲ. ಬಿಂಬಕ್ಕೂ ಕೃತಿಗೂ ಹೊಂದಿಕೆಯಿಲ್ಲದಿದ್ದರೆ ತಲುಪಿಸಿದ ಮೇಲೂ ನಿರಾಕರಿಸುವ ಹಕ್ಕನ್ನು ಅನೇಕ ಪ್ರದರ್ಶನಗಳು ಇಟ್ಟುಕೊಂಡಿರುತ್ತವೆ. ಗೋಡೆ, ಈಸೆಲ್, ಚೌಕಟ್ಟು ಯಾವುದೂ ಕಾಣದಂತೆ ಅಂಚುಗಳನ್ನು ಕತ್ತರಿಸಿ, ಆದರೆ ಚಿತ್ರದ ಒಳಭಾಗ ಕತ್ತರಿಸಿಹೋಗಬಾರದು. ಬಣ್ಣದ ವಿಧಾನ ಎಸ್‌ಆರ್‌ಜಿಬಿ ಇರಲಿ, ಬೇರೆ ವಿಧಾನದಲ್ಲಿ ಉಳಿಸಿದ ಬಿಂಬ ಎಷ್ಟೋ ಪರದೆಗಳಲ್ಲಿ ಕಳೆಗುಂದುತ್ತದೆ. ಪರದೆಯ ಮಟ್ಟಿಗೆ ಲೆಕ್ಕಕ್ಕೆ ಬರುವುದು ಉದ್ದ ಅಗಲದ ಪಿಕ್ಸೆಲ್ ಸಂಖ್ಯೆ. 1920 ಪಿಕ್ಸೆಲಿನ ಬಿಂಬ 72 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಮುದ್ರಣದ ಲೆಕ್ಕ) ಎಂದಿದ್ದರೂ 300 ಎಂದಿದ್ದರೂ ಪರದೆಯ ಮೇಲೆ ಒಂದೇ. ಕೇಳಿದ ಪಿಕ್ಸೆಲ್, ಕೇಳಿದ ಫೈಲ್ ಗಾತ್ರ, ಕೇಳಿದ ಹೆಸರಿನ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿ. ತಿದ್ದದ ಮೂಲ ಫೈಲನ್ನು ಬೇರೆ ಕಡೆ ಉಳಿಸಿಕೊಳ್ಳಿ.

6. ಅರ್ಜಿಯ ಬರಹ

ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ ಬರೆಯುವುದು ಸಾಮಾನ್ಯ ರೂಢಿ. ಪ್ರಕಟಣೆ ಬೇರೆ ಹೇಳಿದರೆ ಅದರಂತೆ. ಮಾಧ್ಯಮವನ್ನು "ಕ್ಯಾನ್ವಾಸ್ ಮೇಲೆ ತೈಲವರ್ಣ" ಎಂಬಂತೆ ಸರಳವಾಗಿ ಬರೆಯಿರಿ. ಬೆಲೆಯನ್ನು ಗ್ಯಾಲರಿಯ ಪಾಲು ಕಳೆದು ಎಷ್ಟು ಉಳಿಯುತ್ತದೆ ಎಂದು ನೋಡಿಯೇ ನಿಗದಿ ಮಾಡಿ, ಒಮ್ಮೆ ಅರ್ಜಿ ಸೇರಿದ ಮೇಲೆ ಸಾಮಾನ್ಯವಾಗಿ ಬದಲಿಸಲಾಗುವುದಿಲ್ಲ.

ಕಲಾವಿದರ ಹೇಳಿಕೆ ಕೇಳಿದಾಗ ವಿದ್ಯಾರ್ಥಿಗಳ ಕೈಯಲ್ಲಿ ಯಾಕೋ ದೊಡ್ಡ ಮಾತುಗಳೇ ಬರುತ್ತವೆ. "ನನ್ನ ಕೃತಿಗಳು ಅಸ್ತಿತ್ವದ ಸಂಕೀರ್ಣ ಆಯಾಮಗಳನ್ನು ಅನ್ವೇಷಿಸುತ್ತವೆ" ಎಂಬ ವಾಕ್ಯ ಯಾರ ಚಿತ್ರಕ್ಕಾದರೂ ಹೊಂದುತ್ತದೆ, ಹಾಗಾಗಿ ನಿಮ್ಮ ಚಿತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೀಗೆ ಬರೆದು ನೋಡಿ: "ಮನೆ ಖಾಲಿ ಮಾಡಿದ ಮೇಲೆ ಗೋಡೆಗಳಲ್ಲಿ ಉಳಿಯುವ ಗುರುತುಗಳನ್ನು ಬರೆದಿದ್ದೇನೆ. ಕ್ಯಾಲೆಂಡರ್ ತೂಗಿದ್ದ ಜಾಗದಲ್ಲಿ ಗೋಡೆ ಮಾಸಿರುವುದಿಲ್ಲ. ಆ ಬಿಳಿ ಚೌಕಕ್ಕಾಗಿ ಸುತ್ತಲೂ ಜಲವರ್ಣವನ್ನು ಪದರ ಪದರವಾಗಿ ಹಚ್ಚಿ, ಚೌಕದಲ್ಲಿ ಕಾಗದವನ್ನೇ ಬಿಟ್ಟಿದ್ದೇನೆ." ಏನು ಬರೆದಿರಿ, ಯಾಕೆ, ಹೇಗೆ ಎಂಬ ಮೂರೂ ಇದರಲ್ಲಿವೆ. ಬರೆದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ತಿದ್ದಿ.

7. ಚೌಕಟ್ಟು, ತೂಗು, ಕಟ್ಟು

ಚೌಕಟ್ಟು ಸರಳವಾಗಿದ್ದಷ್ಟೂ ಒಳ್ಳೆಯದು. ಕಾಗದದ ಮೇಲಿನ ಚಿತ್ರಗಳಿಗೆ ಆಮ್ಲರಹಿತ ಮೌಂಟ್ ಬೋರ್ಡ್ ಬೇಕು, ಸಾಮಾನ್ಯ ರಟ್ಟು ಕಾಲಾಂತರದಲ್ಲಿ ಕಾಗದವನ್ನು ಕಂದಾಗಿಸುತ್ತದೆ. ಚಿತ್ರವನ್ನು ಪೂರ್ತಿ ಅಂಟಿಸಬೇಡಿ. ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಟ್ಟರೆ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಲು ಜಾಗವಿರುತ್ತದೆ. ದೂರದಿಂದ ಸಾಗಿಸುವ ಚಿತ್ರಕ್ಕೆ ಗಾಜಿನ ಬದಲು ಅಕ್ರಿಲಿಕ್ ಹಾಳೆಯನ್ನೇ ಹಲವರು ಕೇಳುತ್ತಾರೆ. ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳಿಗೆ ಮಾತ್ರ ಅದು ಆಗದು. ಅಕ್ರಿಲಿಕ್ ಹಾಳೆಯ ಸ್ಥಾಯಿ ವಿದ್ಯುತ್ತು ಬಣ್ಣದ ಪುಡಿಯನ್ನು ಎಳೆದುಕೊಳ್ಳುತ್ತದೆ. ಅವಕ್ಕೆ ಗಾಜೇ ಬೇಕು, ಗಾಜಿಗೂ ಚಿತ್ರಕ್ಕೂ ನಡುವೆ ಕೆಲವು ಮಿಲಿಮೀಟರ್ ಅಂತರವೂ ಬೇಕು.

ಹಿಂಬದಿಯಲ್ಲಿ ಎರಡು ಡಿ ಆಕಾರದ ಕೊಂಡಿಗಳನ್ನು ಮೇಲಿನಿಂದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ತಿರುಪು ಮೊಳೆಯಿಂದ ಬಿಗಿದು, ತಂತಿ ಕಟ್ಟಿ. ತಂತಿಯನ್ನು ಮೇಲಕ್ಕೆ ಎಳೆದಾಗಲೂ ಅದು ಚೌಕಟ್ಟಿನ ಮೇಲಂಚಿಗಿಂತ ಸುಮಾರು ಐದು ಸೆಂಟಿಮೀಟರ್ ಕೆಳಗೇ ಇರಬೇಕು, ಇಲ್ಲದಿದ್ದರೆ ಮೊಳೆ ಕಾಣುತ್ತದೆ. ಗರಗಸದ ಹಲ್ಲಿನಂಥ ಚಿಕ್ಕ ಕೊಂಡಿಗಳನ್ನು ಬಹಳಷ್ಟು ಗ್ಯಾಲರಿಗಳು ಒಪ್ಪುವುದಿಲ್ಲ. ಹಿಂಬದಿಯ ಚೀಟಿಯಲ್ಲಿ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಸಂಪರ್ಕದ ವಿವರ ಮತ್ತು ಯಾವ ಕಡೆ ಮೇಲು ಎಂಬ ಬಾಣದ ಗುರುತು ಇರಲಿ. ಅಮೂರ್ತ ಚಿತ್ರಗಳಿಗೆ ಈ ಬಾಣ ತೀರಾ ಅಗತ್ಯ.

ಕಟ್ಟುವಾಗ ಗುಳ್ಳೆ ಹಾಳೆ ನೇರವಾಗಿ ಬಣ್ಣಕ್ಕೆ ತಾಗಬಾರದು. ಅಕ್ರಿಲಿಕ್ ಬಣ್ಣ ಬಿಸಿಗೆ ಮೆತ್ತಗಾಗಿ ಗುಳ್ಳೆಗಳ ಅಚ್ಚನ್ನು ಹಿಡಿದುಕೊಳ್ಳುತ್ತದೆ, ಕಡುಚಳಿಯಲ್ಲಿ ಬಿರುಸಾಗಿ ಬಿರುಕು ಬಿಡುತ್ತದೆ. ಮೊದಲು ಸಿಲಿಕೋನ್ ಲೇಪನದ ಕಾಗದ, ಮೂಲೆಗಳಿಗೆ ರಟ್ಟಿನ ರಕ್ಷೆ, ಚಿತ್ರದ ಮುಖಕ್ಕೆ ಗಟ್ಟಿ ರಟ್ಟು, ಆಮೇಲೆ ಗುಳ್ಳೆ ಹಾಳೆ. ಪೆಟ್ಟಿಗೆ ಮತ್ತೆ ಬಳಸುವಂತಿರಲಿ, ವಾಪಸು ಕಟ್ಟುವವರು ನೀವಾಗಿರುವುದಿಲ್ಲ. ಬಿಚ್ಚುವ ಕ್ರಮವನ್ನು ಮುಚ್ಚಳದ ಒಳಬದಿಗೆ ಬರೆದು ಅಂಟಿಸಿ. ಕಳುಹಿಸುವ ಮುನ್ನ ಚಿತ್ರದ ನಾಲ್ಕೂ ಮೂಲೆಗಳ ಫೋಟೊ ತೆಗೆದಿಟ್ಟುಕೊಂಡರೆ ಹಾನಿಯಾದಾಗ ವಿಮೆಯವರ ಮುಂದೆ ಇಡಲು ದಾಖಲೆಯಿರುತ್ತದೆ.

8. ಫಲಿತಾಂಶ ಬಂದ ಮೇಲೆ

ಆಯ್ಕೆಯಾಗದ ಚಿತ್ರ ಕೆಟ್ಟ ಚಿತ್ರವೆಂದೇನೂ ಅಲ್ಲ. 1863ರಲ್ಲಿ ಪ್ಯಾರಿಸ್ಸಿನ ಸಲೂನ್ ಎಂಬ ಅಧಿಕೃತ ಕಲಾಪ್ರದರ್ಶನದ ಸಮಿತಿ ಬಂದ ಕೃತಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿಟ್ಟಾಗ ಗದ್ದಲವೆದ್ದು, ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ತಿರಸ್ಕೃತರಿಗೆಂದೇ ಬೇರೊಂದು ಪ್ರದರ್ಶನ ಏರ್ಪಡಿಸಬೇಕಾಯಿತು. ಅಲ್ಲಿ ಮುಂದೆ ಹೆಸರಾದ ಚಿತ್ರಕಾರರಾದ ಮಾನೆ, ವಿಸ್ಲರ್, ಪಿಸಾರೊ ಇದ್ದರು. ಇನ್ನೊಬ್ಬ ಚಿತ್ರಕಾರ ಸೆಜಾನ್‌ಗೆ ಆ ಸಲೂನಿನ ಬಾಗಿಲು ತೆರೆದದ್ದು 1882ರಲ್ಲಿ, ಅದೂ ಒಂದೇ ಸಲ. ಸಮಿತಿಗೆ ಗೋಡೆಯ ಉದ್ದ, ಪ್ರದರ್ಶನದ ಒಟ್ಟು ನೋಟ, ಸದಸ್ಯರ ಅಭಿರುಚಿ ಎಲ್ಲವೂ ಮುಖ್ಯ, ಮುಂದಿನ ವರ್ಷ ಸದಸ್ಯರೇ ಬದಲಾಗಿರುತ್ತಾರೆ. ಆದರೂ ಒಂದೇ ಚಿತ್ರ ಮೂರು ನಾಲ್ಕು ಕಡೆಯಿಂದ ಹಿಂದಿರುಗಿದರೆ ಅದರ ಫೋಟೊವನ್ನು ಮೊದಲು ಅನುಮಾನಿಸಿ, ಆಮೇಲೆ ಚಿತ್ರವನ್ನು. ಸಾಧ್ಯವಾದರೆ ಪ್ರದರ್ಶನಕ್ಕೆ ಹೋಗಿ ಆಯ್ಕೆಯಾದವುಗಳ ಮುಂದೆ ನಿಧಾನವಾಗಿ ನಿಂತು ನೋಡಿ, ಅಂಚು, ಚೌಕಟ್ಟು, ಹಿಂಬದಿಯ ತಂತಿ ಸಮೇತ.

ಒಂದು ನೋಟ್‌ಬುಕ್ ಇಡಿ: ಯಾವ ಚಿತ್ರ, ಎಲ್ಲಿಗೆ, ಯಾವಾಗ, ಶುಲ್ಕವೆಷ್ಟು, ಯಾವ ಫೋಟೊ, ಏನಾಯಿತು, ಎಂದು ವಾಪಸು ಬಂತು. ಹಿಂದೆ ಪ್ರದರ್ಶಿಸಿದ ಕೃತಿಗಳನ್ನು ಒಪ್ಪದ ಕಡೆಗೆ ತಪ್ಪಿ ಅದನ್ನೇ ಕಳುಹಿಸುವ ಮುಜುಗರ ಇದರಿಂದ ತಪ್ಪುತ್ತದೆ. ಆಯ್ಕೆಯಾದವುಗಳಿಗೆ ಅಂಟಿಸಿದ ಗ್ಯಾಲರಿಯ ಚೀಟಿಯನ್ನು ಹಿಂಬದಿಯಿಂದ ಕೀಳದೆ ಹಾಗೆಯೇ ಬಿಡಿ. ಮುಂದೆ ಆ ಚಿತ್ರ ಎಲ್ಲೆಲ್ಲಿ ಪ್ರದರ್ಶನಗೊಂಡಿತ್ತು ಎಂಬುದಕ್ಕೆ ಅದೇ ಪುರಾವೆ.